ಬೀದರ್‌ನಾಗ 26 ಇಂಚಿನ ಗೇರ್ ಸೈಕಲ್: ದೋಸ್ತರ ಕೂಡ ತಿರಗಾಡೋರಿಗೆ ಒಂದು ರಿವ್ಯೂ

ಮೊದ್ಲೇ ಹೇಳಿಬಿಡ್ತೀನ್ರಿ, ಐದರಾಗ ಮೂರೂವರೆ ಸ್ಟಾರು. ಅದರಾಗ ಎರಡೂವರೆ ಸೈಕಲ್ಲಿಗೆ, ಉಳಿದ ಒಂದು ಅದರ ಟ್ಯೂಬಿಗೆ. ನಗಬ್ಯಾಡ್ರಿ, ಖರೇನೇ ಟ್ಯೂಬಿಗೆ, ಯಾಕ ಅಂತ ಮುಂದ ಬರ್ತದ.

ಸೈಕಲ್ ಯಾವ್ದಂದ್ರ ಆ 26 ಇಂಚಿನ ಗಾಲಿದು, ಚೈನ್ ಕೂಡೋ ಹಲ್ಲಿನ ಚಕ್ರ ಮುಂದ ಮೂರು ಹಿಂದ ಏಳು, 21 ಗೇರು, ಕಬ್ಬಿಣದ ಫ್ರೇಮು, ದಪ್ಪ ಟೈರು, ಮುಂದಿನ ಗಾಲಿ ಹಿಡಿಯೋ ಫೋರ್ಕಿನಾಗ ಸ್ಪ್ರಿಂಗ್. ನಾ ಕೊಟ್ಟಿದ್ದು 11,000ಕ್ಕಿಂತ ಜರಾ ಕಮ್ಮಿ. ಕಂಪ್ನಿ ಹೆಸರು ಬರೀಲಾಕತ್ತಿಲ್ಲ, ಯಾಕಂದ್ರ ಈ ರೇಟಿನಾಗ ಸ್ಟಿಕರ್ ಕಿತ್ತಿದ್ರ ಎಲ್ಲಾರದೂ ಹೆಚ್ಚುಕಮ್ಮಿ ಒಂದೇ ಮಾಲು. ಹುಡುಗ್ರು ಟ್ಯೂಷನ್ನಿಗೆ ಹೊಡ್ಕೊಂಡು ಹೋಗೋದು ಇದೇ ಸೈಕಲ್ಲೇ. ನಮ್ಮಂಥ ನಲವತ್ತು ದಾಟಿದವ್ರು ಅಂಗಡಿಗೆ ಹೋಗಿ ಇದನ್ನ ಕೇಳಿದ್ರ "ಯಾರಿಗ್ರಿ ಸರ್, ಮಗನಿಗೇನ್ರಿ?" ಅಂತಾನ ಅಂಗಡಿಯವ. ಹೂಂ ಅಂದುಬಿಡ್ರಿ, ಮಾತು ಬೆಳಸಬ್ಯಾಡ್ರಿ.

ನಾವು ಐದು ಮಂದಿ, ಹೈಸ್ಕೂಲಿನಿಂದ ದೋಸ್ತರು. ಒಬ್ಬ ಇಲ್ಲೇ ಬೀದರ್‌ನಾಗ ಬ್ಯಾಂಕಿನಾಗ ಇದ್ದಾನ, ಇನ್ನೊಬ್ಬನದು ಕಿರಾಣಿ, ಒಬ್ಬ ಕಲಬುರಗಿದಾಗ ಮಾಸ್ತರ, ಒಬ್ಬ ಹೈದರಾಬಾದಿನಾಗ ಕಂಪ್ಯೂಟರ್ ಕೆಲಸ, ಐದನೇದವ ನಾನು. ಮೊಬೈಲಿನಾಗ ನಮ್ದೊಂದು ಗ್ರೂಪ್ ಅದ, ಅದರಾಗ ಮುಂಜಾನೆದ್ರ ಗುಲಾಬಿ ಹೂವಿನ ಫೋಟೊ, ರಾತ್ರಿಗೆ ಕ್ರಿಕೆಟ್ ಸ್ಕೋರು, ನಡುವ ಯಾರದರ ಹುಟ್ಟುಹಬ್ಬ ಇದ್ರ ನಾಕು ಕೇಕು, ಇಷ್ಟೇ. ಬ್ಯಾಂಕಿನವನ ಅಪ್ಪನಿಗೆ ಲಕ್ವಾ ಹೊಡೆದದ್ದು ನಮಗ ತಿಂಗಳ ಮ್ಯಾಲ ಗೊತ್ತಾಯ್ತು, ಅಷ್ಟು ದಿವ್ಸ ಅವನೂ ದಿನಾ ಹೂವಿನ ಫೋಟೊ ಹಾಕ್ಲಾಕತ್ತಿದ್ದ. ಗೊತ್ತಾಗಿದ್ದು ಭೀ ಫೋನಿನಾಗಲ್ಲ, ಅಷ್ಟೂರ ರೋಡಿನ ಮ್ಯಾಲ ಸೈಕಲ್ ಹೊಡೀತಾ ಅವನೇ ಹೇಳ್ದ.

ಇಲ್ಲೇ ನಾ ಈ ಸೈಕಲ್ಲಿಗೆ ನಂಬರ್ ಕೊಡೋದು. ಬೈಕ್ ಮ್ಯಾಲ ಹೋದ್ರ ಹೆಲ್ಮೆಟ್ ಒಳಗ ಒಬ್ಬರ ಮಾತು ಒಬ್ಬರಿಗಿ ಕೇಳ್ಸಂಗಿಲ್ಲ, ಹೋಟಲ್‌ನಾಗ ಕೂತ್ರ ಚಹಾ ಬರೋದ್ರೊಳಗ ಎಲ್ಲಾರ ಕೈಯಾಗ ಮೊಬೈಲು. ಸೈಕಲ್ ಮ್ಯಾಲ ಎರಡೂ ಕೈ ಹ್ಯಾಂಡಲ್ ಹಿಡೀಬೇಕು, ಕಣ್ಣು ರೋಡ್ ಮ್ಯಾಲ ಇರಬೇಕು, ಬಾಯಿ ಒಂದೇ ಖಾಲಿ. ಮತ್ತ ಇಬ್ಬರೂ ಮುಂದ ನೋಡ್ಕೋತ ಹೋಗ್ತಿರ್ತಾರ ನೋಡ್ರಿ, ಮುಖ ನೋಡ್ಕೊಂಡು ಹೇಳ್ಲಾಕ ಆಗಲಾರದ್ದು ಹಂಗೇ ಹೊರಗ ಬರ್ತದ. ಸಾಲದ ಮಾತು, ಮನ್ಯಾಗಿನ ಜಗಳದ ಮಾತು, ಎಲ್ಲಾ ಅಲ್ಲೇ. ಈ ಸೈಕಲ್ ಭಾರ ಅದ, 15 ಕೇಜಿ ಮ್ಯಾಲೇ ಇರ್ಬೇಕು, ಜೋರು ಹೋಗಂಗಿಲ್ಲ, ದಪ್ಪ ಟೈರು ಡಾಂಬರಿನ ಮ್ಯಾಲ ಗುಂಯ್ ಅಂತದ. ಸ್ಪೀಡ್ ಬೇಕನ್ನೋರಿಗೆ ಇದು ತಪ್ಪು. ಮಾತಾಡೋರಿಗೆ ಅದೇ ಬರೋಬರ ಸ್ಪೀಡು.

ಈಗ ಹವಾ. ಬೀದರ್ ಊರು ಗುಡ್ಡದ ಮ್ಯಾಲಿನ ಸಪಾಟ ಜಾಗದಾಗ ಅದ, ಕೆಂಪು ಮುರಕಲ್ಲಿನ ನೆಲ, ಹಿಂಗಾಗಿ ಸುತ್ತಮುತ್ತಲ ಊರಿಗಿಂತ ಇಲ್ಲಿ ಜರಾ ತಂಪು. ಬ್ಯಾಸಿಗ್ಯಾಗ ಸೈಕಲ್ ತೆಗೀಬ್ಯಾಡ್ರಿ, ಮಳಿಗಾಲದಾಗ ಕೆಂಪು ರಾಡಿ ಚೈನಿಗೆ ಹತ್ತಿ ಗೇರೆಲ್ಲಾ ಕರಕರ ಅಂತಾವ. ಗಣಪತಿ ಕಳಿಸಿದ ಮ್ಯಾಲಿಂದ ಎಳ್ಳಮಾಸಿ ತನಕ, ಅದೇ ಟೈಮು. ಆಕಾಶ ತೊಳದಂಗ ಇರ್ತದ, ಹೊಲದಾಗ ತೊಗರಿ ಹಳದಿ ಹೂವು ಬಿಟ್ಟಿರ್ತದ, ಸೀತಾಫಲ ಬುಟ್ಟಿ ಇಟ್ಕೊಂಡು ಅವ್ವಗೋಳು ರೋಡಿನ ಬಾಜು ಕೂತಿರ್ತಾರ. ಕ್ಯಾರಿಯರ್ ಇಲ್ಲದ ಸೈಕಲ್ ತಗೊಂಡ್ರ ಆ ಸೀತಾಫಲ ಎಲ್ಲಿ ಇಡ್ತೀರಿ? ಹ್ಯಾಂಡಲ್ಲಿಗೆ ಚೀಲ ತೂಗ ಹಾಕಿದ್ರ ಮನಿ ಮುಟ್ಟೋದ್ರೊಳಗ ರಸ. ಕ್ಯಾರಿಯರ್, ಮಡಗಾರ್ಡ್, ಸ್ಟ್ಯಾಂಡ್, ಗಂಟಿ, ಈ ನಾಕೂ ಬಿಲ್ ಮಾಡೋ ಮೊದ್ಲೇ ಕೂಡ್ಸಿ ರೇಟ್ ಮಾತಾಡ್ರಿ. ಆಮ್ಯಾಲ ಕೇಳಿದ್ರ ಒಂದೊಂದಕ್ಕೂ ಬ್ಯಾರೆ ಬ್ಯಾರೆ ರೊಕ್ಕ.

ಒಂದು ಹುಷಾರಿ ಮಾತು. ಇದೇ ಟೈಮಿಗೆ ಸೋಯಾ ರಾಶಿ ನಡೀತಿರ್ತದ, ಹಳ್ಳಿ ಕಡಿ ರೋಡಿನ ಅರ್ಧ ಭಾಗದಾಗ ಸೋಯಾ ಒಣಗ್ಲಾಕ ಹರವಿರ್ತಾರ, ಅಂಚಿಗೆ ಕಲ್ಲು ಇಟ್ಟಿರ್ತಾರ. ಕಾಳಿನ ಮ್ಯಾಲ ಗಾಲಿ ಹೋದ್ರ ಗೋಲಿ ಮ್ಯಾಲ ಕಾಲಿಟ್ಟಂಗ, ಎಂಥಾ ದಪ್ಪ ಟೈರಿದ್ರೂ ಜಾರ್ತದ. ಬ್ರೇಕ್ ಒತ್ತಬ್ಯಾಡ್ರಿ, ಹ್ಯಾಂಡಲ್ ಸೀದಾ ಹಿಡಕೊಂಡು ಪೈಡಲ್ ಬಿಟ್ಟುಬಿಡ್ರಿ. ರೈತಗ ಬೈಲಾಕ ಹೋಗಬ್ಯಾಡ್ರಿ, ಅವನ ವರ್ಷದ ಗಳಿಕಿ ಅಲ್ಲಿ ಬಿದ್ದಿರ್ತದ.

ಗೇರು ಬೇಕಾ ಅಂತ ಕೇಳೋರಿಗೆ: ನೌಬಾದ್ ಕಡಿ, ಹುಮನಾಬಾದ್ ರೋಡಿನ ಕಡಿ ಹೋಗೋದಾದ್ರ ಬ್ಯಾಡ, ನೆಲ ಸಪಾಟ ಅದ. ಅಷ್ಟೂರಿಗೆ ಹೋಗೋದಾದ್ರ ಬೇಕು. ಹೋಗೋವಾಗ ಊರು ದಾಟಿದ್ಮ್ಯಾಲ ಚೌಖಂಡಿ ಅನ್ನೋ ಹಳೇ ಸಮಾಧಿ ಬಾಜುದಿಂದ ಇಳಕಲು, ಪೈಡಲ್ ಮುಟ್ಟೋದೇ ಬ್ಯಾಡ, ಎದುರಿಗೆ ಬಹಮನಿ ಸುಲ್ತಾನರ ಗುಮ್ಮಟ ಸಾಲಾಗಿ ಕಾಣ್ತಾವ. 1436ರಾಗ ತೀರಿಕೊಂಡ ಅಹ್ಮದ್ ಶಾ ವಲಿದು ಅದರಾಗ ನೋಡ್ಬೇಕಾದ್ದು, ಒಳಗ ಗ್ವಾಡಿ, ಗುಮ್ಮಟ ಎಲ್ಲಾ ಬಣ್ಣದ ಚಿತ್ತಾರ. ಹುಮಾಯೂನ್ ಶಾನ ಗುಮ್ಮಟ ಅರ್ಧಾನೇ ನಿಂತದ, ಸಿಡಿಲು ಬಡಿದು ಸೀಳಿತು ಅಂತಾರ, ನಮ್ಮ ಕಿರಾಣಿಯವ ಹೋದಾಗೊಮ್ಮೆ ಅದರ ಮುಂದ ನಿಂತು ಒಂದು ಫೋಟೊ ತೆಗಿಸ್ಕೋತಾನ, ಯಾಕೋ ಗೊತ್ತಿಲ್ಲ. ಆಮ್ಯಾಲ ವಾಪಸ್ ಬರೋವಾಗ ಅದೇ ಇಳಕಲು ಏರಾಗ್ತದ ನೋಡ್ರಿ, ಆಗ ಮುಂದಿನ ಸಣ್ಣ ಚಕ್ರಕ್ಕ ಚೈನ್ ಇಳಸ್ರಿ, ಹಿಂದ ದೊಡ್ಡ ಚಕ್ರಕ್ಕ ಹಾಕ್ರಿ. ಕಾಲು ಭಾಳ ತಿರಗ್ತಾವ, ಸೈಕಲ್ ನಡ್ಕೊಂಡು ಹೋಗೋರಷ್ಟೇ ಹೋಗ್ತದ, ಖರೆ ಇಳಿಯೋ ಪ್ರಸಂಗ ಬರಂಗಿಲ್ಲ. ಏರು ಚಾಲೂ ಆಗೋ ಮೊದ್ಲೇ ಗೇರ್ ಇಳಸ್ಬೇಕು, ನಡು ಏರಿನಾಗ ಜೋರು ತುಳೀತಾ ಗೇರ್ ಹಾಕಿದ್ರ ಚೈನ್ ಬಿಚ್ಚಿ ಬೀಳ್ತದ. ಮುಂದಿನ ಸ್ಪ್ರಿಂಗ್ ಮಾತ್ರ ಬರೇ ಶೋ. ಏರಿನಾಗ ನಿಂತು ತುಳದ್ರ ನಿಮ್ಮ ಅರ್ಧ ಜೋರು ಆ ಸ್ಪ್ರಿಂಗ್ ಕುಣಿಯೋದಕ್ಕೇ ಹೋಗ್ತದ. ಸ್ಪ್ರಿಂಗ್ ಇಲ್ಲದ್ದು ಸಿಕ್ರ ಅದನ್ನೇ ತಗೋರಿ, ತೂಕ ಭೀ ಕಮ್ಮಿ.

ಬ್ರೇಕಿನಾಗ ಡಿಸ್ಕ್ ಬ್ಯಾಡ, ರಿಮ್ಮಿಗೆ ಎರಡೂ ಬಾಜು ರಬ್ಬರ್ ಒತ್ತೋದೇ ಇರ್ಲಿ. ಈ ರೇಟಿನ ಡಿಸ್ಕಿಗೆ ನಮ್ಮ ಕೆಂಪು ಧೂಳು ಹೊಕ್ಕರ ಕೀಂಯ್ ಕೀಂಯ್ ಅಂತದ, ಮುಂದ ಮಾತು ಏನ್ ಕೇಳ್ಸ್ತದ? ರಬ್ಬರ್ ಸವೆದ್ರ ಯಾವ ಅಂಗಡ್ಯಾಗರ ಸಿಗ್ತದ, ನೀವೇ ಪಾನಾ ಹಿಡ್ದು ಬದಲಿ ಮಾಡಬಹುದು.

ಈಗ ಟ್ಯೂಬಿನ ಕಥಿ. ಹೈದರಾಬಾದಿನವ ಅಲ್ಲಿ ಭಾರಿ ರೊಕ್ಕ ಕೊಟ್ಟು ಒಂದು ತೆಳ್ಳನೆ ಟೈರಿನ ಸೈಕಲ್ ತಗೊಂಡಿದ್ದ, 700 ಅನ್ನೋ ಗಾಲಿ ಸೈಜಿಂದು, ದಸರಾಕ್ಕ ಕಾರಿನ ಹಿಂದ ಕಟಗೊಂಡು ಬಂದಿದ್ದ. ಚಂದ ಇತ್ತು ಬಿಡ್ರಿ, ಒಂದೇ ಕೈಲೆ ಎತ್ತಬಹುದು. ಅಷ್ಟೂರ ಮುಟ್ಟೋದ್ರೊಳಗ ಮುಂದಿನ ಗಾಲಿ ಚಪ್ಪಟ. ರೋಡಿನ ಬಾಜು ಎಲ್ಲಾ ಬಳ್ಳಾರಿ ಜಾಲಿ, ಕೆಳಗ ನೆಲದ ಮ್ಯಾಲ ನೆಗ್ಗಿಲ ಮುಳ್ಳು, ಈ ಕಡಿ ಹಿಂಗಾಗೋದು ಮಾಮೂಲಿ. ನಮ್ಮ ನಾಕು ಮಂದಿ ಕಡಿ ಸ್ಪೇರ್ ಟ್ಯೂಬ್ ಇದ್ದುವು, ಪಂಪ್ ಇತ್ತು, ಒಂದೂ ಅವನಿಗ ಬರ್ಲಿಲ್ಲ. 26ರ ರಿಮ್ಮು ಟೈರ್ ಕೂಡೋ ಜಾಗದಾಗ 559 ಮಿಲಿಮೀಟರ್ ಅಡ್ಡಗಲ, ಅವನದು 622, ನಮ್ಮಪ್ಪನ ಕಾಲದ ಕರೀ ಸೈಕಲ್ಲಿಂದು 635, ಒಂದರ ಟೈರು ಒಂದಕ್ಕ ಕೂಡಂಗೇ ಇಲ್ಲ. ಪ್ಯಾಚ್ ಹಚ್ಚಿದೆವು ಅನ್ನಿ, ಗಾಳಿ ಹ್ಯಾಂಗ ತುಂಬೋದು? ಅವನ ವಾಲು ಸೂಜಿ ಥರ ತೆಳ್ಳಂದು, ತುದಿ ತಿರುವಿ ಬಿಚ್ಚಬೇಕು, ನಮ್ಮ ಪಂಪಿನ ಬಾಯಿಗೆ ಬರಂಗಿಲ್ಲ, ಊರಾಗಿನ ಪಂಚರ್ ಅಂಗಡ್ಯಾಗ ಭೀ ಹಿಡಿಯಂಗಿಲ್ಲ. ಅದಕ್ಕ ಒಂದು ಸಣ್ಣ ಹಿತ್ತಾಳಿ ಅಡಾಪ್ಟರ್ ಬರ್ತದಂತ, ಅದು ಹೈದರಾಬಾದಿನಾಗ ಅವನ ಮನ್ಯಾಗ ಇತ್ತು. ಕಡೀಕ ಒಂದು ಟಂಟಂ ನಿಲ್ಲಿಸಿ ಸೈಕಲ್ ಮ್ಯಾಗಿಟ್ಟು ಅವನ್ನ ಊರಿಗೆ ಕಳಿಸಿದೆವು, ಹೋಗೋವಾಗ ಡ್ರೈವರ್ "ಇಷ್ಟು ತೆಳ್ಳಗ ಇದ್ರ ಮುಳ್ಳು ಬಿಡ್ತಾವೇನ್ರಿ ಸಾಹೇಬ್ರ" ಅಂತ ಅವನಿಗೇ ಕೇಳ್ದ.

ನಮ್ಮ 26ರ ಟ್ಯೂಬಿಂದು ಬೈಕಿನಂಥದೇ ದಪ್ಪ ವಾಲು. ಬೈಕಿಗೆ ಗಾಳಿ ಹಾಕೋ ಯಾವ ಅಂಗಡ್ಯಾಗೂ, ಪೆಟ್ರೋಲ್ ಪಂಪಿನಾಗೂ ನಡೀತದ. ಅಲ್ಲಿ ಮಾತ್ರ ಹುಡುಗನ ಕೈಗೆ ಬಿಟ್ಟು ಚಹಾ ಕುಡೀಲಾಕ ಹೋಗಬ್ಯಾಡ್ರಿ, ಆ ಮಷಿನ್ ಗಾಳಿ ಒಂದು ಕ್ಷಣಕ್ಕ ತುಂಬ್ತದ, ಟೈರಿನ ಬಾಜುಕ ಎಷ್ಟು ಬರ್ದಿರ್ತದೋ ಅದರೊಳಗ ಇರ್ಬೇಕು, ನಾ 40 ಪಿಎಸ್‌ಐ ಮ್ಯಾಲ ಹೋಗಂಗಿಲ್ಲ. ಟ್ಯೂಬ್ ಸಣ್ಣ ಅಂಗಡ್ಯಾಗೂ ಸಿಗ್ತದ. ಅದಕ್ಕೇ ನನ್ನ ಮಾತು ಏನಂದ್ರ, ಒಬ್ಬನೇ ಹೊಡಿಯೋದಿದ್ರ ಯಾವ್ದರ ತಗೋರಿ, ಮಂದಿ ಜೋಡಿ ಹೊಡಿಯೋದಿದ್ರ ಆ ಮಂದಿ ಗಾಲಿ ಸೈಜು ಕೇಳಿ ಅದನ್ನೇ ತಗೋರಿ. ಒಂದೇ ಪಂಪು, ಒಂದೇ ಪಾನಾ, ಯಾರದು ಪಂಚರ್ ಆದ್ರೂ ಯಾರ ಚೀಲದಾಗಿನ ಟ್ಯೂಬರ ನಡೀತದ. ನಮ್ಮ ಮಾಸ್ತರ ಕಲಬುರಗಿಂದ ರೈಲಿನಾಗ ಬರ್ತಾನ, 2017ರಾಗ ಆ ಲೈನ್ ಚಾಲೂ ಆದಾಗಿಂದ ಅವನ ಬರೋದು ಹೋಗೋದು ಹೆಚ್ಚಾಗ್ಯದ, ಅವನ ಸೈಕಲ್ ಇಲ್ಲೇ ಅವನ ಅಕ್ಕನ ಮನ್ಯಾಗ ಇಟ್ಟಾನ, ತಿಂಗಳಗಟ್ಲೆ ನಿಂತಿದ್ರೂ ಒಂದು ಟ್ಯೂಬ್ ಬದಲಿ, ಚೈನಿಗೆ ನಾಕು ಹನಿ ಎಣ್ಣಿ, ಹೊಂಟ್ವಿ.

ಅಂಗಡಿ ಸರ್ವಿಸಿಗೆ ಒಂದೇ ಸ್ಟಾರ್ ಕೊಡ್ತೀನಿ. ಅಂಗಡಿ ಹೆಸರು ಬ್ಯಾಡ, ಊರಾಗಿಂದೇ. ಈ ಸೈಕಲ್ಲುಗೋಳು ಡಬ್ಬಿದಾಗ ಅರ್ಧಮರ್ಧ ಜೋಡ್ಸಿ ಬರ್ತಾವ, ಉಳಿದದ್ದು ಅಂಗಡಿ ಹುಡುಗ ಜೋಡಿಸ್ತಾನ. ನಂದ್ರಾಗ ಮುಂದಿನ ಫೋರ್ಕ್ ಉಲ್ಟಾ ಹಾಕಿ ಕೊಟ್ಟಿದ್ರು, ಬ್ರೇಕು ಸವಾರನ ಕಡಿ ಮುಖ ಮಾಡಿತ್ತು. ಹ್ಯಾಂಡಲ್ ತಿರುವಿದ್ರ ಏನೋ ವಿಚಿತ್ರ ಆಗೋದು, ಪೈಡಲ್ ಮ್ಯಾಲಿನ ಚಪ್ಪಲಿ ತುದಿ ಗಾಲಿಗೆ ತಾಗೋದು. ವಾಪಸ್ ಒಯ್ದು ತೋರಿಸಿದ್ರ "ಕೆಲವು ಮಾಡೆಲ್ ಹಂಗೇ ಬರ್ತಾವ ಸರ್" ಅಂದ! ಬಾಜು ನಿಂತಿದ್ದ ಸಣ್ಣ ಹುಡುಗ್ರ ಸೈಕಲ್ ತೋರ್ಸಿ ಇದರ ಬ್ರೇಕ್ ಯಾಕ ಮುಂದ ಅದ ಅಂತ ಕೇಳಿದ್ಮ್ಯಾಲ ಬಾಯಿ ಮುಚ್ಕೊಂಡು ಬಿಚ್ಚಿ ಹಾಕಿದ. ತಗೊಳ್ಳೋವಾಗ ನೀವೂ ನೋಡ್ಕೋರಿ, ಮುಂದಿನ ಬ್ರೇಕ್ ರೋಡಿನ ಕಡಿ ಮುಖ ಮಾಡಿರ್ಬೇಕು, ಫೋರ್ಕ್ ಮುಂದಕ್ಕ ಚಾಚಿರ್ಬೇಕು. ಎಡಗಡಿ ಪೈಡಲ್ಲಿಗೆ ಉಲ್ಟಾ ಮರಿ, ಅಂದ್ರ ಉಲ್ಟಾ ಥ್ರೆಡ್ ಇರ್ತದ, ಗೊತ್ತಿಲ್ಲದವ ಜೋರು ಮಾಡಿ ತಿರುವಿದ್ರ ಪೈಡಲ್ ಕೂಡೋ ದಂಡದ, ಅಂದ್ರ ಕ್ರ್ಯಾಂಕಿನ ಮರಿ ಹೋಗ್ತದ, ಆಮ್ಯಾಲ ತಿಂಗಳೊಪ್ಪತ್ತಿನಾಗ ಪೈಡಲ್ ಅಲ್ಲಾಡ್ಲಾಕ ಚಾಲೂ. ಸೀಟ್ ಎತ್ತರ ಭೀ ಅವ್ರು ನೋಡಂಗಿಲ್ಲ, ಪೈಡಲ್ ಕೆಳಗ ಇದ್ದಾಗ ಮೊಣಕಾಲು ಜರಾ ಮಡಚಿರ್ಬೇಕು ಅಷ್ಟೇ. ನಮ್ಮ ಬ್ಯಾಂಕಿನವ ಸೀಟ್ ಕೆಳಗ ಇಳಿಸ್ಕೊಂಡು ಮೊಣಕಾಲು ನೋವು ಅಂತ ಒಂದು ವಾರ ಎಣ್ಣಿ ಹಚಗೊಂಡ.

ದಸರಾದಾಗ ಈ ಸೈಕಲ್ ಖರೆ ಕೆಲಸಕ್ಕ ಬಂತು. ಸಂಜಿಗೆ ಬನ್ನಿ ಮುಡಿದ್ಮ್ಯಾಲ ಐದೂ ಮಂದಿ ಜೇಬಿನಾಗ ಬನ್ನಿ ಎಲಿ ತುಂಬ್ಕೊಂಡು ಹೊಂಟ್ವಿ, ಹೈದರಾಬಾದಿನವ ನಮ್ಮ ಅಣ್ಣನ ಮಗನ 26 ಹಿಡ್ಕೊಂಡ. ಹಳೇ ಊರಿನಾಗ ಚೌಬಾರಾ ಸುತ್ತ, ಮಹಮೂದ್ ಗಾವಾನ್ ಮದರಸಾದ ಹಿಂದಿನ ಓಣ್ಯಾಗೆಲ್ಲಾ ಕಾರು ಹೋಗೋದು ಕಷ್ಟ, ಬೈಕ್ ನಿಲ್ಸೋಕ ಜಾಗ ಇರಂಗಿಲ್ಲ, ಸೈಕಲ್ ಯಾರ ಕಟ್ಟಿಗರ ಒರಗಿಸಿದ್ರ ಆಯ್ತು. ನಮ್ಮ ಹಳೇ ಗಣಿತದ ಮಾಸ್ತರ ಮನಿಗೆ ಹೋದ್ವಿ, ಅವ್ರಿಗೆ ಈಗ ಕಣ್ಣು ಮಂಜು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಸರ್" ಅಂತ ಎಲಿ ಕೊಟ್ಟು ಕಾಲಿಗೆ ಬಿದ್ರ, "ಯಾರಪಾ, ಸೈಕಲ್ ಮ್ಯಾಲ ಬಂದೀರಿ? ಇನ್ನ ಪಾಸ್ ಆಗಿಲ್ಲೇನು?" ಅಂತ ನಕ್ರು. ಅವರ ಮನಿಯವ್ರು ಚೂಡಾ, ಶಂಕರಪಾಳಿ ಹಾಕಿ ಕೊಟ್ರು. ಒಂದು ಸಂಜ್ಯಾಗ ಇಷ್ಟು ಮನಿ ಹೆಂಗ ಮುಗಿಸಿದ್ರಿ ಅಂತ ನನ್ನ ಹೆಣ್ತಿ ಕೇಳಿದ್ಳು. ಹೊಟ್ಟಿ ಮಾತ್ರ ಎರಡು ದಿವ್ಸ ಸರಿ ಇರ್ಲಿಲ್ಲ, ಅದು ಸೈಕಲ್ಲಿನ ತಪ್ಪಲ್ಲ.

ಯಾರು ತಗೋಬಾರ್ದು? ದಿನಾ ಮುಂಜಾನೆ ಎದ್ದು ಒಬ್ಬರೇ ನಲವತ್ತು ಐವತ್ತು ಕಿಲೋಮೀಟರ್ ಹೊಡಿಯೋರು, ತೂಕ ಕಮ್ಮಿ ಬೇಕನ್ನೋರು, ಮೊಬೈಲಿನಾಗ ಸ್ಪೀಡ್ ನೋಡ್ಕೋತ ಹೋಗೋರು. ಅವ್ರಿಗೆ ಹೈದರಾಬಾದಿನವನ ಸೈಕಲ್ಲೇ ಛಲೋ, ಅಡಾಪ್ಟರ್ ಜೇಬಿನಾಗ ಇರ್ಲಿ ಅಷ್ಟೇ. ಅವ ಈಗ ಆ ಸೈಕಲ್ ಅಲ್ಲೇ ಬಿಟ್ಟು ಇಲ್ಲಿಗೆ ಒಂದು ಹಳೇ 26 ನೋಡ್ಲಾಕ ಹೇಳ್ಯಾನ, ನಾಕು ಸಾವಿರದೊಳಗ ಯಾರ ಕಡಿಯರ ಇದ್ರ ತಿಳಸ್ರಿ. ಗ್ರಿಪ್ ತಿರುವಿ ಗೇರ್ ಹಾಕೋದು ಬ್ಯಾಡ, ಧೂಳಿಗೆ ಜಾಮ್ ಆಗ್ತದ, ಹೆಬ್ಬೆರಳಿಲೆ ಒತ್ತೋದಿರ್ಬೇಕು. ದೀಪಾವಳಿ ಮ್ಯಾಲ ಸಂಜಿ ಆರಕ್ಕೇ ಕತ್ತಲಾಗ್ತದ, ಹಿಂದ ಒಂದು ಕೆಂಪು ಲೈಟ್ ಇದ್ದದ್ದೇ ಆಗ್ಲಿ.