ಡೆಪಾಸಿಟ್ ಕೇಳಿ ಕೊಡುವ ಕ್ರೋಶಾ ಟೋಪಿ ಕೆಲಸಕ್ಕೆ ಕೈ ಹಾಕಬೇಡಿ

ಮನೆಯಲ್ಲೇ ಕೂತು ಕ್ರೋಶಾ ಟೋಪಿ ಹೆಣೆದು ಕೊಡಿ, ದಾರ ನಾವೇ ಕಳಿಸುತ್ತೇವೆ, ಮಾಲು ಫಾರಿನ್ನಿಗೆ ಹೋಗುತ್ತದೆ. ಹೀಗೆಲ್ಲ ಹೇಳಿ ಮೊದಲೇ ಡೆಪಾಸಿಟ್ ಕಟ್ಟಿಸಿಕೊಳ್ಳುವವರು ಕಲಬುರಗಿಯ ಮಹಿಳೆಯರ ವಾಟ್ಸಾಪ್ ಗುಂಪುಗಳಿಗೆ ನುಗ್ಗಿದ್ದಾರೆ. ನಾನೂ ಸೇರಿ ನಮ್ಮ ಓಣಿಯ ಹಲವರ ದುಡ್ಡು ಹೋಗಿದೆ. ದುಡ್ಡು ಹೋದದ್ದಕ್ಕಿಂತ ಕೈಯಾರೆ ಹೆಣೆದ ಟೋಪಿಗಳು ಹೋದದ್ದು ಹೆಚ್ಚು ಉರಿಯುತ್ತಿದೆ. ಸೇಡಂ, ಆಳಂದ, ಯಾದಗಿರಿ, ಬೀದರ್ ಕಡೆ ಕ್ರೋಶಾ ಮಾಡುವ ಅಕ್ಕತಂಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕೇಳಿದ್ದು ಒಬ್ಬೊಬ್ಬರಿಂದ 3,500 ರೂಪಾಯಿ. ಕೆಲಸ ಮುಗಿದ ಮೇಲೆ ವಾಪಸ್ ಅಂದರು. ಒಂದು ಕಿಟ್ಟಿಗೆ 20 ಟೋಪಿ, ಟೋಪಿಗೆ 220 ರೂಪಾಯಿ ಕೂಲಿ. ಫೋನಿನಲ್ಲಿ ಮಾತಾಡಿದ ಹೆಣ್ಣುಮಗಳು ನಮ್ಮ ಕಡೆಯ ಭಾಷೆಯಲ್ಲೇ, "ನೀವು ಛಂದ ಹೆಣದರ ತಿಂಗಳಾ ಆರ್ಡರ್ ಬರ್ತಾವ್ರಿ" ಅಂದಳು. ನಂಬುವುದಕ್ಕೆ ಕಾರಣವೂ ಇತ್ತು. ಸ್ವೆಟರ್ ಹೆಣೆಯುವ ಯಂತ್ರ ಇದೆ, ಆದರೆ ಕ್ರೋಶಾ ಇವತ್ತಿಗೂ ಮನುಷ್ಯರ ಕೈಯಿಂದಲೇ ಆಗಬೇಕು. ಆಂಧ್ರದ ನರಸಾಪುರದ ಸುತ್ತ ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ಕ್ರೋಶಾ ಲೇಸ್ ಹೆಣೆದು ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ನಡೆಯುವುದು ಇಲ್ಲಿ ಯಾಕೆ ನಡೆಯಬಾರದು? ತೋರಣ, ಟೇಬಲ್ ಹೊದಿಕೆ, ಕೂಸಿನ ಕುಲಾಯಿ ಎಲ್ಲ ಹೆಣೆದ ಕೈ ನಮ್ಮವು.

ಅವರು ಕೇಳಿದ್ದು ಮಾತ್ರ ಸಾದಾ ಟೋಪಿಯಲ್ಲ, ಫ್ರೀಫಾರ್ಮ್ ಟೋಪಿ. ಮೋಸದ ಬೇರು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾದಾ ಟೋಪಿಗೆ ಲೆಕ್ಕ ಇದೆ. ಮ್ಯಾಜಿಕ್ ರಿಂಗಿನಲ್ಲಿ, ಅಂದರೆ ಶುರುವಿಗೆ ಹಾಕುವ ದಾರದ ಬಳೆಯಲ್ಲಿ, 6 ಸಿಂಗಲ್ ಕ್ರೋಶಾ ಹೊಲಿಗೆ, ಮುಂದಿನ ಸುತ್ತಿಗೆ 12, ಆಮೇಲೆ 18, 24, ಹೀಗೆ ಸುತ್ತಿಗೆ ಆರಾರು ಏರಿಸುತ್ತ ಹೋದರೆ ನೆತ್ತಿ ಚಪ್ಪಟೆಯಾಗಿ ಬರುತ್ತದೆ. 56 ಸೆಂಟಿಮೀಟರ್ ತಲೆಗೆ ಆ ನೆತ್ತಿಯ ಅಡ್ಡಳತೆ ಹದಿನೇಳು, ಹದಿನೆಂಟರ ಹತ್ತಿರ ಬಂದಾಗ ಏರಿಸುವುದು ನಿಲ್ಲಿಸಿ ನೇರ ಇಳಿಸಿಕೊಂಡು ಬರಬೇಕು. ಈ ಲೆಕ್ಕ ಹಿಡಿದು ಒಂದೇ ಥರದ ಇಪ್ಪತ್ತು ಟೋಪಿ ಬೇಕಾದರೂ ಹೆಣೆಯಬಹುದು. ಫ್ರೀಫಾರ್ಮಿಗೆ ಈ ಲೆಕ್ಕವೇ ಇಲ್ಲ. ಬೇರೆ ಬೇರೆ ಬಣ್ಣ, ದಪ್ಪದ ದಾರದಲ್ಲಿ ಸಣ್ಣ ಸಣ್ಣ ತುಂಡು ಹೆಣೆಯುತ್ತಾರೆ, ಅದಕ್ಕೆ ಸ್ಕ್ರಂಬಲ್ ಅನ್ನುತ್ತಾರೆ. ಒಂದು ಕಡೆ ಬುಲಿಯನ್ ಹೊಲಿಗೆ ಉಬ್ಬುತ್ತದೆ, ಪಕ್ಕದಲ್ಲಿ ಪಾಪ್‌ಕಾರ್ನ್ ಅನ್ನುವ ಗುಂಡು ಹೊಲಿಗೆ ಏಳುತ್ತದೆ, ಸಾಲು ಅರ್ಧಕ್ಕೇ ತಿರುಗಿ ಇನ್ನೊಂದು ದಿಕ್ಕು ಹಿಡಿಯುತ್ತದೆ. ಆಮೇಲೆ ಆ ತುಂಡುಗಳನ್ನು ಟೋಪಿಯ ಆಕಾರಕ್ಕೆ ಜೋಡಿಸುವುದು. ಇದನ್ನು ಜನರಿಗೆ ಮುಟ್ಟಿಸಿದವರಲ್ಲಿ ಮುಖ್ಯರಾದ ಬ್ರಿಟನ್ನಿನ ಜೇಮ್ಸ್ ವಾಲ್ಟರ್ಸ್, ಸಿಲ್ವಿಯಾ ಕಾಶ್ ಇಬ್ಬರೂ ಕಲಿಸಿದ್ದು, ನಮೂನೆ ಬಿಟ್ಟು ನಿಮ್ಮ ಕೈ ಹೋದ ಕಡೆ ಹೋಗಿ ಅಂತಲೇ. ಹೆಣೆದವಳೇ ಮತ್ತೆ ಕೂತರೂ ಅದೇ ಟೋಪಿ ಎರಡನೇ ಸಲ ಬರುವುದಿಲ್ಲ.

ಇನ್ನು ಅವರ ಕರಾರಿನ ಸಾಲು ನೋಡಿ: "ಪ್ರತಿ ಟೋಪಿಯೂ ಸ್ಯಾಂಪಲ್ ಫೋಟೋದಂತೆಯೇ ಇರಬೇಕು, ವ್ಯತ್ಯಾಸ ಕಂಡರೆ ತಿರಸ್ಕರಿಸಲಾಗುವುದು, ಡೆಪಾಸಿಟ್ ಮರಳಿಸುವುದಿಲ್ಲ." ಎರಡು ಸಲ ಹುಟ್ಟಲಾರದ ವಸ್ತುವನ್ನು ಇಪ್ಪತ್ತು ಸಲ ಹುಟ್ಟಿಸಿ ಕೊಡು ಅಂತ ಅರ್ಥ. ಅಂದರೆ ಯಾರ ಟೋಪಿಯೂ ಪಾಸಾಗದ ಹಾಗೆ ಕರಾರು ಬರೆದಿದ್ದಾರೆ. ಪರೀಕ್ಷೆ ಮಾಡುವವರೂ ಅವರೇ, ತೀರ್ಪು ಕೊಡುವವರೂ ಅವರೇ, ಡೆಪಾಸಿಟ್ ಇಟ್ಟುಕೊಳ್ಳುವವರೂ ಅವರೇ.

ಕಿಟ್ ಬಂದ ಮೇಲೆ ಎರಡನೇ ಹಗ್ಗ ಬಿಗಿಯಿತು. 4 ಮಿಲಿಮೀಟರ್ ಕ್ರೋಶಾ ಕಡ್ಡಿಯಲ್ಲಿ ಹೆಣೆದ ದೊಡ್ಡವರ ಟೋಪಿಗೆ 80ರಿಂದ 100 ಗ್ರಾಂ ದಾರ ಬೇಕಾಗುತ್ತದೆ. ಉಬ್ಬು ಹೊಲಿಗೆ ಹೆಚ್ಚಿದ್ದರೆ ಇನ್ನೂ ಜಾಸ್ತಿ. ಇಪ್ಪತ್ತು ಟೋಪಿಗೆ ಕಡಿಮೆ ಅಂದರೂ ಒಂದೂವರೆ ಕಿಲೋ ದಾಟಬೇಕು. ಬಂದ ದಾರವನ್ನು ಕಿರಾಣಿ ಅಂಗಡಿಯ ಕಾಟಾದಲ್ಲಿ ಇಟ್ಟರೆ 1 ಕಿಲೋ 200 ಗ್ರಾಂ. ಫೋನ್ ಮಾಡಿದರೆ, "ಕಡಿಮೆ ಬಿದ್ದದ್ದು ನೀವೇ ತಗೋರಿ, ಬಿಲ್ಲಿನಾಗ ಕೊಡ್ತೀವಿ" ಅಂದರು. ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಅಂಗಡಿ ಅಂಗಡಿ ಸುತ್ತಿ ಹತ್ತಿರದ ಬಣ್ಣ ಹುಡುಕಿ ತಂದೆವು. ಒಂದೇ ಕಂಪನಿಯ ಒಂದೇ ಬಣ್ಣವಾದರೂ ಬಣ್ಣ ಹಾಕಿದ ಲಾಟ್ ಬೇರೆಯಾದರೆ ಹಗಲು ಬೆಳಕಿನಲ್ಲಿ ಎದ್ದು ಕಾಣುತ್ತದೆ, ಇದು ದಾರ ಹಿಡಿದ ಎಲ್ಲರಿಗೂ ಗೊತ್ತು. ಕೊನೆಗೆ ತಿರಸ್ಕಾರದ ಪಟ್ಟಿಯಲ್ಲಿ ಮೊದಲು ಬರೆದಿದ್ದ ಕಾರಣ ಇದೇ: "ಹೊರಗಿನ ದಾರ ಬಳಸಲಾಗಿದೆ."

ದಾರದ ಸುತ್ತು ಪಟ್ಟಿಯ ಮೇಲೆ 100% ಕಾಟನ್ ಅಂತ ಅಚ್ಚಾಗಿತ್ತು. ಹೆಣೆಯುವಾಗ ಕಡ್ಡಿಗೆ ಕಿರಕಿರ ಅಂತ ಅಂಟುತ್ತಿತ್ತು. ನಮ್ಮ ಓಣಿಯಲ್ಲಿ ಎಂಎಸ್‌ಕೆ ಬಟ್ಟೆ ಮಿಲ್ಲಿನಲ್ಲಿ ದುಡಿದ ಅಜ್ಜ ಒಬ್ಬರಿದ್ದಾರೆ. ಗೇಣುದ್ದ ದಾರ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ಹತ್ತಿಯಾದರೆ ಕಾಗದದ ಹಾಗೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯಬೇಕು. ಇದು ಕರಗಿ ತೊಟ್ಟಿಕ್ಕಿತು, ಕಪ್ಪು ಹೊಗೆ ಬಂತು, ತುದಿಯಲ್ಲಿ ಗಟ್ಟಿ ಕರೀ ಮಣಿ ಕೂತಿತು. "ಇದು ಹತ್ತಿ ಅಲ್ಲ ತಗಿ, ಪ್ಲಾಸ್ಟಿಕ್ ಅದ" ಅಂದರು ಅಜ್ಜ. ಯಾವ ದಾರ ಬಂದರೂ ಮೊದಲು ಈ ಪರೀಕ್ಷೆ ಮಾಡಿ, ಮಕ್ಕಳ ಕುಲಾಯಿಗೆ ಹೆಣೆಯುವುದಾದರಂತೂ ಬಿಡಲೇಬೇಡಿ. ನಮ್ಮ ಊರಿನ ಬ್ಯಾಸಿಗಿಯಲ್ಲಿ ಕೂಸಿನ ತಲೆಗೆ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಥರದ ದಾರ, ಹಾಕುವುದು ಪಾಪ. ಬೆಂಕಿಯ ಕೆಲಸವಾದ್ದರಿಂದ ಪಕ್ಕದಲ್ಲಿ ನೀರಿಟ್ಟುಕೊಳ್ಳಿ.

ಎಲ್ಲರ ಟೋಪಿಗಳೂ ತಿರಸ್ಕಾರವಾದವು, ಎಲ್ಲರ ಡೆಪಾಸಿಟ್ಟೂ ಮುಳುಗಿತು. ಟೋಪಿಗಳನ್ನಾದರೂ ವಾಪಸ್ ಕಳಿಸಿ ಅಂದರೆ ಉತ್ತರವಿಲ್ಲ. ಆಮೇಲೆ ಒಂದು ದಿನ ಓಣಿಯ ಹುಡುಗಿಯೊಬ್ಬಳು ಇನ್‌ಸ್ಟಾಗ್ರಾಂ ಪೇಜ್ ಒಂದನ್ನು ತೋರಿಸಿದಳು. ನೇರಳೆ, ಸಾಸಿವೆ ಬಣ್ಣದ ಫ್ರೀಫಾರ್ಮ್ ಟೋಪಿ, ಬೆಲೆ 1,450. ಎಡಗಿವಿಯ ಮೇಲೆ ಬರುವ ಜಾಗದಲ್ಲಿ ಗಿಳಿಹಸಿರಿನ ಒಂದು ಸುರುಳಿ. ಆ ಹಸಿರು ಕಿಟ್ಟಿನಲ್ಲಿ ಬಂದದ್ದೇ ಅಲ್ಲ. ದಾರ ಸಾಲದೆ ನಮ್ಮ ಪಕ್ಕದ ಮನೆಯಾಕೆ ತನ್ನ ಮಗಳ ಕುಬಸಕ್ಕೆ ತಂದು ಉಳಿದಿದ್ದ ರೇಷ್ಮೆ ಎಳೆಯಲ್ಲಿ ಹೆಣೆದದ್ದು. ಬುಲಿಯನ್ನಿನ ಮೂರನೇ ಉಬ್ಬಿನಲ್ಲಿ ಎಳೆ ಜಾರಿ ಸಣ್ಣ ಕುಣಿಕೆ ಉಳಿದಿತ್ತು, ಫೋಟೋ ಹಿಗ್ಗಿಸಿದರೆ ಅದೂ ಇದೆ. ತಿರಸ್ಕರಿಸಿದ್ದೇವೆ ಅಂದ ಟೋಪಿಯನ್ನೇ ಮಾರುತ್ತಿದ್ದಾರೆ, ಹೆಣೆದವಳ ಕೈಗೆ ಒಂದು ಪೈಸೆ ಇಲ್ಲ. ಆಕೆ ಟೋಪಿ ಕಳಿಸುವ ಮುಂಚೆ ಮಗನಿಂದ ಫೋಟೋ ತೆಗೆಸಿದ್ದಳು. ಇವತ್ತು ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೇ. ನೀವೂ ಯಾವುದನ್ನೇ ಹೊರಗೆ ಕಳಿಸುವುದಿದ್ದರೂ ಒಳಗು, ಹೊರಗು ಎರಡೂ ಕಡೆ ಫೋಟೋ ತೆಗೆದು, ಕೊರಿಯರ್ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.

ದುಡ್ಡು ಈಗಷ್ಟೇ ಹಾಕಿದವರು ಕಾಯುತ್ತ ಕೂಡಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ದಾಟುವುದನ್ನು ತಡೆಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಬರೆಯಬಹುದು. ದಾರದ ಮೇಲೆ ಸುಳ್ಳು ಲೇಬಲ್ ಹಚ್ಚಿದ್ದಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಎಲ್ಲೇ ಇರಲಿ, ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡ ಸಾಮಾನಿಗೂ ಅದು ಅನ್ವಯಿಸುತ್ತದೆ. ಎರಡು ವರ್ಷದೊಳಗೆ ಕೊಡಬೇಕು. ನಾವು ದೂರು ಕೊಟ್ಟಿದ್ದೇವೆ.

ದೂರು ಕೊಟ್ಟ ಮೇಲೆ ವಕೀಲರ ಹೆಸರಿನಲ್ಲಿ ಫೋನ್ ಬರಲು ಶುರುವಾಯಿತು. ಕರಾರು ಮುರಿದಿದ್ದೀರಿ, 6,000 ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಅನ್ನುತ್ತಾರೆ. ಒಬ್ಬಾಕೆ ಹೆದರಿ ಗಂಡನಿಗೂ ಹೇಳದೆ ಕಿವಿಯೋಲೆ ಅಡವಿಡಲು ಹೊರಟಿದ್ದಳು, ಕೈ ಹಿಡಿದು ನಿಲ್ಲಿಸಿದೆವು. ಟೋಪಿ ಸ್ಯಾಂಪಲ್ಲಿನ ಹಾಗೆ ಬರಲಿಲ್ಲ ಅನ್ನುವುದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಕರಾರಿನ ತಕರಾರು ಸಿವಿಲ್ ವಿಷಯ. ದುಡ್ಡು ಹಾಕಿ ಕೇಸ್ ಮುಗಿಸಿಕೊಳ್ಳಿ ಅಂತ ಯಾವ ಕೋರ್ಟೂ ಯುಪಿಐ ನಂಬರ್ ಕಳಿಸುವುದಿಲ್ಲ. ಇಂಥ ಫೋನ್ ಬಂದರೆ ಒಂದು ರೂಪಾಯಿಯೂ ಹಾಕಬೇಡಿ. ಆ ನಂಬರ್, ಮೆಸೇಜ್ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆಗೇ ಸೇರಿಸಿ, ಮನೆಯವರಿಗೂ ಅವತ್ತೇ ಹೇಳಿಬಿಡಿ.