ಹುಬ್ಬಳ್ಳಿ-ಧಾರವಾಡದ ನೀರು: ಎರಡು ನಿಲುವಿನ ಅಭ್ಯರ್ಥಿಗಳು

ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಸ್ಪರ್ಧಿಸುವವರಲ್ಲಿ ನೀರಿನ ಬಗ್ಗೆ ಸಾಮಾನ್ಯವಾಗಿ ಎರಡು ನಿಲುವುಗಳಿರುತ್ತವೆ. ನಿರ್ವಹಣೆಯನ್ನು ಖಾಸಗಿ ಕಂಪನಿಗೆ ವಹಿಸಿ ಎಲ್ಲ ವಾರ್ಡುಗಳಿಗೂ 24 ಗಂಟೆ ನೀರು ಕೊಡಿಸುತ್ತೇವೆ ಎನ್ನುವವರ ಮಾತಿಗೆ ಆಧಾರವಿದೆ. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಪ್ರಾಯೋಗಿಕ ವಲಯಗಳಲ್ಲಿ ಅದು ಸಾಧ್ಯವಾಗಿತ್ತು. ಕೊಳವೆಯಲ್ಲಿ ಸದಾ ಒತ್ತಡವಿದ್ದರೆ ಚರಂಡಿಯ ಕೊಳೆನೀರು ಒಳನುಗ್ಗುವುದು ಬಹುಮಟ್ಟಿಗೆ ನಿಲ್ಲುತ್ತದೆ, ಡ್ರಮ್ಮು, ಕೊಡಗಳಲ್ಲಿ ದಿನಗಟ್ಟಲೆ ತುಂಬಿಡುವ ಪಾಡೂ ತಪ್ಪುತ್ತದೆ. ಆದರೆ ಬಳಸಿದಷ್ಟಕ್ಕೂ ಮೀಟರ್ ಬಿಲ್ಲು ಬರುತ್ತದೆ.

ಪಾಲಿಕೆಯೋ ಜಲಮಂಡಳಿಯೋ ನಡೆಸಲಿ, ಬಡವರಿಗೆ ದರ ಹಗುರವಾಗಿರಲಿ ಎನ್ನುವವರದು ನ್ಯಾಯವಾದ ಮಾತೇ; ಹಳೆಯ ಕೊಳವೆ ಬದಲಿಸಲು ಹಣ ಎಲ್ಲಿಂದ ತರುತ್ತೀರಿ ಎಂದು ಮಾತ್ರ ಅವರನ್ನು ಕೇಳಲೇಬೇಕು. ಯಾರೇ ಗೆದ್ದರೂ ಮಲಪ್ರಭೆಯ ನೀರು ಹೆಚ್ಚುವುದಿಲ್ಲವಾದ್ದರಿಂದ, ಸೋರಿಕೆ ತಡೆಯುವ ಯೋಜನೆಯನ್ನು ಗಡುವಿನ ಸಮೇತ ಬರೆದುಕೊಡುವವರಿಗೇ ನನ್ನ ಮತ.