ಅಡಿಕೆ ದುಡ್ಡು ಜೂನ್‌ವರೆಗೆ ಉಳಿಯಬೇಕು: ಮೂಟೆಯೋ, ಠೇವಣಿಯೋ, ಚೀಟಿಯೋ?

ಕೊಯ್ಲು ಮುಗಿದು ಕೈಗೆ ಬಂದ ಹಣ ಜೂನ್‌ನ ಸ್ಕೂಲ್ ಫೀಸು, ತೋಟಕ್ಕೆ ಹೊಡೆಯುವ ಮೈಲುತುತ್ತದ ಹೊತ್ತಿಗೆ ಕರಗಿರುತ್ತದೆ ಎಂಬುದು ಅಡಿಕೆ ಬೆಳೆಗಾರರ ಗೋಳು. ಲೆಕ್ಕ ಬಾರದೆ ಹೀಗಾಗುವುದಲ್ಲ. ಇವತ್ತಿನ ಖರ್ಚು ಕಣ್ಣಿಗೆ ದೊಡ್ಡದು, ಜೂನ್‌ನದು ಸಣ್ಣದು. ವರ್ತನಾ ಅರ್ಥಶಾಸ್ತ್ರ ಇದನ್ನು ವರ್ತಮಾನದ ಒಲವು ಎನ್ನುತ್ತದೆ. ಆದ್ದರಿಂದ ಬಡ್ಡಿಗಿಂತ ಮೊದಲು ಬೀಗ ನೋಡಿ, ಅಂದರೆ ಹಣವನ್ನು ನಡುವೆ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು.

ಬ್ಯಾಂಕ್ ಎಫ್‌ಡಿಯ ಬೀಗ ಸಡಿಲ. ಮೊಬೈಲಿನಲ್ಲೇ ಮುರಿಯಬಹುದು, ಬಡ್ಡಿಯಲ್ಲಿ ಸ್ವಲ್ಪ ಕಡಿತ ಅಷ್ಟೇ. ಅಂಚೆ ಕಚೇರಿಯ 1 ವರ್ಷದ ಠೇವಣಿಯನ್ನು 6 ತಿಂಗಳೊಳಗೆ ಮುರಿಯಲು ಬರುವುದಿಲ್ಲ. ಎಡವುವುದು ತಾರೀಕಿನಲ್ಲಿ: ಜನವರಿ 10ಕ್ಕೆ ಇಟ್ಟರೆ ಜುಲೈ 10ರವರೆಗೆ ಸಿಗದು. ಜೂನ್ ಖರ್ಚಿಗಾದರೆ ನವೆಂಬರ್ ಕೊನೆಯೊಳಗೆ ಇಡಿ. ವರ್ಷ ತುಂಬುವ ಮೊದಲು ತೆಗೆದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ.

ಮಾರದೆ ಇಟ್ಟ ಮೂಟೆಯೂ ಒಂದು ಬೀಗವೇ. ಶಿವಮೊಗ್ಗ ಮಂಡಿಗೆ ಸಾಗಿಸುವ ತ್ರಾಸವೇ ಕೈ ಕಟ್ಟುತ್ತದೆ. ಆದರೆ ಸರಿಯಾಗಿ ಒಣಗದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ದರ ಬಿದ್ದರೆ ಫೀಸು ನಿಲ್ಲುವುದಿಲ್ಲ. ತಾರೀಕು ಗೊತ್ತಿರುವ ಖರ್ಚನ್ನು ಮೂಟೆಗೆ ಕಟ್ಟಬೇಡಿ.

ತಿಂಗಳು ತಿಂಗಳು ಕಂತು ಕಟ್ಟುವ ಚೀಟಿಯಲ್ಲಿ ಕಾವಲು ಕಾಯುವುದು ನಾಲ್ಕು ಜನರೆದುರಿನ ಮರ್ಯಾದೆ. ಹಾಲಿನ ದುಡ್ಡು, ಸಂಬಳ ಹೀಗೆ ತಿಂಗಳ ಆದಾಯ ಇದ್ದವರಿಗೆ ಸರಿ. ವರ್ಷಕ್ಕೊಮ್ಮೆ ಹಣ ಕಾಣುವವರು ಕಂತಿಗೇ ಸಾಲ ಮಾಡುತ್ತಾರೆ. ಅವಸರಕ್ಕೆ ಹರಾಜಿನಲ್ಲಿ ಕೂಗಿ ಚೀಟಿ ಎತ್ತಿದರೆ ಕಳೆದುಕೊಳ್ಳುವುದೂ ಹೆಚ್ಚು. ನೋಂದಣಿ ಇದೆಯೇ ನೋಡಿ. ಕಾಯ್ದೆಯ ಪ್ರಕಾರ, ಚೀಟಿ ನಡೆಸುವವರ ಕಮಿಷನ್ 7 ಪರ್ಸೆಂಟ್ ಮೀರುವಂತಿಲ್ಲ.

ಫೀಸು, ತೋಟದ ಔಷಧಿಯ ಹಣ ಅಂಚೆಗೆ. ತುರ್ತಿಗೆ ಒಂದಿಷ್ಟು ಎಫ್‌ಡಿಯಲ್ಲಿ. ಆಸ್ಪತ್ರೆ ಖರ್ಚು ಪದೇಪದೇ ಬರುವ ಮನೆಯಾದರೆ ಇದನ್ನೇ ತಿರುಗಿಸಿ, ಹೆಚ್ಚು ಪಾಲು ಸಡಿಲ ಬೀಗದಲ್ಲೇ ಇರಲಿ.